ಕೌಂಟ್ ಕಡಿಮೆ ಅಂತ ರಿಪೋರ್ಟ್ ಬಂದಿದೆಯಾ? ಮೊದಲು ಕಾರಣ ಹುಡುಕೋಣ

ನನ್ನ ಮೊದಲ ರಿಪೋರ್ಟಿನಲ್ಲಿ ಇದ್ದದ್ದು 9 ಮಿಲಿಯನ್. ಅಂದರೆ ಒಂದು ಎಂಎಲ್ ವೀರ್ಯದಲ್ಲಿ 90 ಲಕ್ಷ ವೀರ್ಯಾಣು. ತೊಂಬತ್ತು ಲಕ್ಷ ಇದ್ದರೂ ಕಡಿಮೆಯಾ ಅಂತ ಒಂದು ಕ್ಷಣ ನಗು ಬಂತು. ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ 'ಒಲಿಗೋಸ್ಪರ್ಮಿಯಾ', ಅಂದರೆ ವೀರ್ಯಾಣು ಕಡಿಮೆ, ಅಂತ ಇತ್ತು. ನಗು ನಿಂತಿತು. ಮನೆ ಸೇರುವ ಹೊತ್ತಿಗೆ ಕೈಯಲ್ಲಿ ಒಂದು ದುಬಾರಿ ಪೌಡರ್ ಡಬ್ಬ, ಎರಡು ತಿಂಗಳ ಮಾತ್ರೆ. ಇದಕ್ಕೆ ಕಾರಣ ಏನು ಅಂತ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಕಾರಣ ಬಹಳ ಸರಳವಾಗಿತ್ತು. ಟೆಸ್ಟ್‌ಗೆ ಎರಡು ತಿಂಗಳ ಮುಂಚೆ ನನಗೆ ಡೆಂಗಿ ಬಂದಿತ್ತು. ಐದು ದಿನ ಮೈ ಸುಡುತ್ತಿತ್ತು. ಮತ್ತೆ ಮೂರು ತಿಂಗಳು ಬಿಟ್ಟು ಟೆಸ್ಟ್ ಮಾಡಿಸಿದಾಗ 34 ಮಿಲಿಯನ್ ಬಂತು. ಪೌಡರ್ ಡಬ್ಬ ಅರ್ಧಕ್ಕೇ ನಿಂತಿತ್ತು.

ಎಲ್ಲರದೂ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. ಆದರೆ ಕೌಂಟ್ ಕಡಿಮೆ ಅನ್ನುವುದು ಜ್ವರ ಇದ್ದ ಹಾಗೆ. ಜ್ವರ ಬಂದಾಗ ಯಾಕೆ ಬಂತು ಅಂತ ನೋಡುತ್ತೇವೆ, ಅಲ್ವಾ? ಇಲ್ಲೂ ಅದೇ ಕೆಲಸ. ಹತ್ತಿರದ ಕಾರಣದಿಂದ ಶುರು ಮಾಡಿ ಹಿಂದಕ್ಕೆ ಹೋಗೋಣ.

ಅದಕ್ಕೂ ಮೊದಲು ಒಂದು ಮಾತು. ಮಗು ಆಗದಿದ್ದರೆ ಹೆಣ್ಣಿಗೆ 'ಬಂಜೆ' ಅನ್ನುತ್ತಾರೆ. ಗಂಡಿಗೆ ಹೇಳುವ ಪದ ನೋಡಿ, 'ಷಂಡ', 'ನಪುಂಸಕ'. ಅವೆರಡೂ ಬೇರೆಯದೇ ವಿಷಯ. ಕೌಂಟ್ ಕಡಿಮೆ ಇರುವ ಬಹುಪಾಲು ಗಂಡಸರಿಗೆ ಆಸೆ, ನಿಮಿರುವಿಕೆ, ಸ್ಖಲನ ಎಲ್ಲ ಸರಿಯಾಗೇ ಇರುತ್ತದೆ. ವೀರ್ಯ ನೋಡುವುದಕ್ಕೂ ಹಾಗೇ ಇರುತ್ತದೆ, ಯಾಕೆಂದರೆ ಅದರಲ್ಲಿ ವೀರ್ಯಾಣುವಿನ ಪಾಲು ತೀರಾ ಸಣ್ಣದು. ಬಹುಪಾಲು ಬೇರೆ ಗ್ರಂಥಿಗಳ ದ್ರವ. ಹಾಗಾಗಿ ಕಣ್ಣಲ್ಲಿ ನೋಡಿ 'ನನ್ನದು ಗಟ್ಟಿಯಾಗಿದೆ, ನನಗೇನೂ ತೊಂದರೆ ಇಲ್ಲ' ಅನ್ನುವುದಕ್ಕೆ ಅರ್ಥವಿಲ್ಲ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಪಾಲೂ ಇರುತ್ತದೆ. ಹೆಂಡತಿಗೆ ನಾಲ್ಕು ಸ್ಕ್ಯಾನ್ ಆದಮೇಲೆ ಗಂಡನಿಗೆ ಒಂದು ಟೆಸ್ಟ್ ಅನ್ನುವ ನಮ್ಮ ಪದ್ಧತಿ ತಲೆಕೆಳಗಾದದ್ದು.

ಹೆಜ್ಜೆ 1: ರಿಪೋರ್ಟನ್ನೇ ಮೊದಲು ಅನುಮಾನಿಸಿ

ಸ್ಯಾಂಪಲ್ ಕೊಟ್ಟದ್ದು ಹೇಗೆ ಅಂತ ನೆನಪು ಮಾಡಿಕೊಳ್ಳಿ. ಕೊನೆಯ ಸ್ಖಲನ ಆಗಿ ಕನಿಷ್ಠ 2 ದಿನ, ಹೆಚ್ಚೆಂದರೆ 7 ದಿನ ಆಗಿರಬೇಕು. ಹಿಂದಿನ ರಾತ್ರಿಯೇ ಸೇರಿದ್ದರೆ ಸಂಖ್ಯೆ ಕಡಿಮೆ ಬರುತ್ತದೆ. ಹದಿನೈದು ದಿನ ತಡೆದುಕೊಂಡು ಕೊಟ್ಟರೆ ಸಂಖ್ಯೆ ಹೆಚ್ಚಿದ್ದರೂ ಓಡಾಟ ಮಂದವಾಗಿರುತ್ತದೆ. ಸೋಪು, ಕೊಬ್ಬರಿ ಎಣ್ಣೆ, ಎಂಜಲು ಯಾವುದನ್ನೂ ಬಳಸಬಾರದು. ಮಾಮೂಲಿ ಕಾಂಡೋಮಿನಲ್ಲಿ ಹಿಡಿಯಬಾರದು.

ತುಂಬ ಜನರಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಸ್ಖಲನದ ಮೊದಲ ಭಾಗದಲ್ಲೇ ವೀರ್ಯಾಣು ಜಾಸ್ತಿ. ಆ ಮೊದಲ ಹನಿಗಳು ಡಬ್ಬಿಯ ಹೊರಗೆ ಬಿದ್ದಿದ್ದರೆ ರಿಪೋರ್ಟ್ ಕೆಟ್ಟಿತು ಅಂತಲೇ ಲೆಕ್ಕ. ನಾಚಿಕೊಂಡು ಸುಮ್ಮನಿರಬೇಡಿ, ಲ್ಯಾಬಿನವರಿಗೆ ಹೇಳಿ. ಅವರು ಇದನ್ನು ದಿನಾ ಕೇಳುತ್ತಾರೆ. ಮನೆಯಿಂದ ತರುವುದಾದರೆ ಡಬ್ಬಿಯನ್ನು ಶರ್ಟಿನ ಒಳಗೆ, ಮೈಗೆ ತಾಗುವ ಹಾಗೆ ಇಟ್ಟುಕೊಂಡು ಒಂದು ಗಂಟೆಯೊಳಗೆ ಮುಟ್ಟಿಸಬೇಕು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಇದು ಹೇಳಿದಷ್ಟು ಸುಲಭ ಅಲ್ಲ. ಲ್ಯಾಬಿನಲ್ಲೇ ಕೊಡುವುದು ವಾಸಿ, ಬಾತ್‌ರೂಮಿನಲ್ಲಿ ಮುರಿದ ಬಕೆಟ್ ಇದ್ದರೂ.

ಈಗ ಅಂಕಿಗಳು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಗಿನ ಗಡಿ ಹೀಗಿದೆ: ವೀರ್ಯ 1.4 ಎಂಎಲ್, ಒಂದು ಎಂಎಲ್‌ಗೆ ವೀರ್ಯಾಣು 16 ಮಿಲಿಯನ್, ಒಟ್ಟು ವೀರ್ಯಾಣು 39 ಮಿಲಿಯನ್, ಚಲಿಸುವವು 100ಕ್ಕೆ 42, ಸರಿಯಾದ ಆಕಾರದವು 100ಕ್ಕೆ 4. ಹೌದು, ನಾಲ್ಕೇ. 'ನನ್ನದು 96 ಪರ್ಸೆಂಟ್ ಅಬ್‌ನಾರ್ಮಲ್ ಅಂತೆ' ಅಂತ ಊಟ ಬಿಟ್ಟವರಿದ್ದಾರೆ. ಅದು ನಾರ್ಮಲ್ ರಿಪೋರ್ಟ್.

ಈ ಗಡಿ ಪಾಸು-ಫೇಲಿನ ಮಾರ್ಕ್ ಅಲ್ಲ. ಒಂದು ವರ್ಷದೊಳಗೆ ಹೆಂಡತಿ ಗರ್ಭಿಣಿಯಾದ ಗಂಡಸರನ್ನು ಸಾಲಾಗಿ ನಿಲ್ಲಿಸಿದರೆ, ಅವರಲ್ಲಿ ಕೆಳಗಿನ 100ಕ್ಕೆ 5 ಜನ ಇದಕ್ಕಿಂತ ಕೆಳಗೆ ಬರುತ್ತಾರೆ. ಅವರೂ ಅಪ್ಪಂದಿರೇ. ಇನ್ನೊಂದು ಲೆಕ್ಕ ಹಾಕಿ ನೋಡಿ. ಎಂಎಲ್‌ಗೆ 12 ಮಿಲಿಯನ್, ವೀರ್ಯ 4 ಎಂಎಲ್ ಇದ್ದರೆ ಒಟ್ಟು 48 ಮಿಲಿಯನ್. ಎಂಎಲ್‌ಗೆ 20 ಇದ್ದು ವೀರ್ಯ ಒಂದೇ ಎಂಎಲ್ ಆದರೆ ಒಟ್ಟು 20. ಮೊದಲನೆಯವನ ಸ್ಥಿತಿಯೇ ಒಳ್ಳೆಯದು, ಎಂಎಲ್ ಲೆಕ್ಕದ ಅಂಕಿಯಲ್ಲಿ 'ಕಡಿಮೆ' ಅಂತ ಬಂದಿರುವುದು ಮಾತ್ರ ಅವನಿಗೆ!

ಅದೇ ಮನುಷ್ಯನ ಕೌಂಟ್ ವಾರದಿಂದ ವಾರಕ್ಕೆ ಏರಿಳಿಯುತ್ತದೆ. ಒಂದೇ ಟೆಸ್ಟ್ ನಂಬಿ ಯಾವ ತೀರ್ಮಾನಕ್ಕೂ ಬರಬೇಡಿ. ಸೊನ್ನೆ ಬಂದಿದ್ದರೆ ಕಾಯಬೇಡಿ, ಕೆಲವೇ ವಾರದಲ್ಲಿ ಇನ್ನೊಮ್ಮೆ ಕೊಡಿ. ಉಳಿದವರು ಎರಡು-ಮೂರು ತಿಂಗಳು ಬಿಟ್ಟು, ಸಾಧ್ಯವಾದರೆ ಅದೇ ಲ್ಯಾಬಿನಲ್ಲಿ ಮಾಡಿಸಿ.

ಹೆಜ್ಜೆ 2: ಕ್ಯಾಲೆಂಡರ್ ತೆಗೆದು ಮೂರು ತಿಂಗಳು ಹಿಂದಕ್ಕೆ ಹೋಗಿ

ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಆಮೇಲೆ ಕೊಳವೆಯಲ್ಲಿ ಸಾಗಿ ಬಲಿಯಲು ಇನ್ನೂ ಹತ್ತು-ಹನ್ನೆರಡು ದಿನ. ಒಟ್ಟು ಮೂರು ತಿಂಗಳು ಅಂತಿಟ್ಟುಕೊಳ್ಳಿ. ಭತ್ತದ ಬೆಳೆಯ ಹಾಗೆ. ಕೊಯ್ಲಿನಲ್ಲಿ ಕಾಣುವ ಜೊಳ್ಳಿಗೆ ಕಾರಣ ಕೊಯ್ಲಿನ ದಿನದಲ್ಲಿ ಸಿಗುವುದಿಲ್ಲ.

ಹಾಗಾಗಿ ಟೆಸ್ಟ್ ಕೊಟ್ಟ ದಿನದಿಂದ ಹಿಂದಕ್ಕೆ 90 ದಿನ ಗುರುತು ಮಾಡಿ. ಆ ಅವಧಿಯಲ್ಲಿ 101-102 ಡಿಗ್ರಿ ದಾಟಿದ ಜ್ವರ ಬಂದಿತ್ತಾ? ಡೆಂಗಿ, ಟೈಫಾಯಿಡ್, ಚಿಕೂನ್‌ಗುನ್ಯಾ, ಕೋವಿಡ್ ಯಾವುದಾದರೂ ಸರಿ. ಆಪರೇಶನ್ ಆಯಿತಾ? ಆಸ್ಪತ್ರೆಯಲ್ಲಿ ಮಲಗಿದ್ರಾ? ಹೌದಾದರೆ, ಬೇರೆ ಕಾರಣ ಹುಡುಕುವ ಮೊದಲು ಮೂರು ತಿಂಗಳು ಕಾದು ಮತ್ತೆ ಟೆಸ್ಟ್ ಮಾಡಿಸಿ.

ಈ ಮೂರು ತಿಂಗಳ ಲೆಕ್ಕ ಮುಂದಕ್ಕೂ ಅನ್ವಯಿಸುತ್ತದೆ. ಇವತ್ತು ಸಿಗರೇಟ್ ಬಿಟ್ಟರೆ ಮುಂದಿನ ವಾರ ಕೌಂಟ್ ಏರುವುದಿಲ್ಲ. '15 ದಿನದಲ್ಲಿ ಕೌಂಟ್ ಡಬಲ್' ಅನ್ನುವ ಜಾಹೀರಾತು ಎಂಥದ್ದು ಅಂತ ಇದರಿಂದಲೇ ಗೊತ್ತಾಗುತ್ತದೆ.

ಹೆಜ್ಜೆ 3: ನುಂಗುವ ಮಾತ್ರೆ, ಚುಚ್ಚಿಸಿಕೊಂಡ ಇಂಜೆಕ್ಷನ್

ಇದನ್ನು ಮೂರನೆಯದಾಗಿ ಇಟ್ಟದ್ದಕ್ಕೆ ಕಾರಣ ಇದೆ. ಬಿಟ್ಟರೆ ಸರಿಹೋಗುವ ಸಾಧ್ಯತೆ ಇಲ್ಲಿ ಹೆಚ್ಚು, ಆದರೂ ಡಾಕ್ಟರ ಮುಂದೆ ಬಾಯಿ ಬಿಡದ ವಿಷಯವೂ ಇದೇ.

ಜಿಮ್‌ನಲ್ಲಿ 'ಸೈಕಲ್' ಹಾಕಿದವರಿಗೆ, ಅಂದರೆ ಮೈ ಬೆಳೆಸಲು ಕೆಲವು ವಾರ ಸ್ಟಿರಾಯ್ಡ್ ತೆಗೆದುಕೊಂಡವರಿಗೆ, ನೇರವಾಗಿ ಹೇಳುತ್ತೇನೆ. ಹೊರಗಿನಿಂದ ಟೆಸ್ಟೋಸ್ಟಿರಾನ್ ಅಥವಾ ಸ್ಟಿರಾಯ್ಡ್ ಹೋದರೆ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ 'ಓ, ಮಾಲು ಸಾಕಷ್ಟಿದೆ' ಅಂದುಕೊಳ್ಳುತ್ತದೆ. ವೃಷಣಕ್ಕೆ ಕಳಿಸುವ ಎಲ್‌ಎಚ್, ಎಫ್‌ಎಸ್‌ಎಚ್ ಅನ್ನುವ ಎರಡು ಸಂಕೇತಗಳನ್ನು ನಿಲ್ಲಿಸುತ್ತದೆ. ಸಂಕೇತ ಇಲ್ಲದೆ ವೃಷಣ ಕೆಲಸ ನಿಲ್ಲಿಸುತ್ತದೆ, ಸೈಜೂ ಸಣ್ಣಗಾಗುತ್ತದೆ. ಎದೆ 44 ಇಂಚು, ಕೌಂಟ್ ಸೊನ್ನೆ. ಇದು ಎಷ್ಟು ಖಾತ್ರಿ ಅಂದರೆ, ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಟೆಸ್ಟೋಸ್ಟಿರಾನ್ ಇಂಜೆಕ್ಷನ್ನನ್ನೇ ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿ ನೋಡಿತ್ತು. ತಮಾಷೆ ಏನೆಂದರೆ, ಕೌಂಟ್ ಕಡಿಮೆ ಅಂತ ಹೋದವರಿಗೇ 'ಗಂಡಸ್ತನದ ಹಾರ್ಮೋನು' ಅಂತ ಇದೇ ಇಂಜೆಕ್ಷನ್ ಕೊಡುವವರೂ ಇದ್ದಾರೆ. ಮಗು ಬೇಕು ಅನ್ನುವವರು ಇದನ್ನು ತೆಗೆದುಕೊಳ್ಳಬಾರದು. ನಿಲ್ಲಿಸಿದ ಮೇಲೆ ಬಹುತೇಕರಿಗೆ ವೀರ್ಯಾಣು ವಾಪಸ್ ಬರುತ್ತದೆ. ಆದರೆ ಆರು ತಿಂಗಳು, ಒಂದು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಪೌಡರ್ ಅಂತ ಕೊಟ್ಟ ಲೇಬಲ್ ಇಲ್ಲದ ಡಬ್ಬದಲ್ಲೂ ಇದು ಬೆರೆತಿರಬಹುದು.

ಉಳಿದ ಔಷಧಿಗಳು: ಕರುಳಿನ ಹುಣ್ಣಿಗೆ, ಕೀಲುನೋವಿಗೆ ಕೊಡುವ ಸಲ್ಫಾಸಲಜೀನ್. ಕೂದಲು ಉದುರುವುದಕ್ಕೆ ಕೊಡುವ ಫಿನಾಸ್ಟರೈಡ್ (ಎಲ್ಲರಿಗೂ ಅಲ್ಲ, ಕೆಲವರಿಗೆ). ಬಹಳ ದಿನ ತೆಗೆದುಕೊಂಡ ಅಫೀಮು ಜಾತಿಯ ನೋವಿನ ಮಾತ್ರೆಗಳು. ಮೂತ್ರ ಸಲೀಸಾಗಲು ಕೊಡುವ ಟ್ಯಾಮ್ಸುಲೋಸಿನ್ ಜಾತಿಯವು ವೀರ್ಯವನ್ನು ಮುಂದಕ್ಕೆ ಬಿಡದೆ ಹಿಂದಕ್ಕೆ, ಮೂತ್ರಕೋಶಕ್ಕೆ ತಳ್ಳಬಹುದು. ಯಾವುದನ್ನೂ ನೀವಾಗೇ ನಿಲ್ಲಿಸಬೇಡಿ. ಮಾತ್ರೆ ಕೊಟ್ಟ ಡಾಕ್ಟರಿಗೇ 'ಮಗುವಿಗೆ ಪ್ರಯತ್ನಿಸುತ್ತಿದ್ದೇವೆ, ಬದಲಿ ಇದೆಯಾ' ಅಂತ ಕೇಳಿ.

ಕ್ಯಾನ್ಸರಿಗೆ ಕಿಮೋ, ರೇಡಿಯೇಶನ್ ಆಗಿದ್ದರೆ ಕಾರಣ ಸ್ಪಷ್ಟ. ಇನ್ನೂ ಶುರುವಾಗಿಲ್ಲ ಅಂದರೆ ಮೊದಲ ಕಿಮೋಗೆ ಮುಂಚೆಯೇ ವೀರ್ಯ ಶೇಖರಿಸಿ ಫ್ರೀಜ್ ಮಾಡಿಸಬಹುದು. ಮದುವೆಯಾಗದ ಹುಡುಗರಿಗೂ ಇದನ್ನು ಹೇಳಬೇಕು. ಆ ಗಾಬರಿಯಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಹೆಜ್ಜೆ 4: ಬಿಸಿ, ಹೊಗೆ, ಹೊಟ್ಟೆ

ವೃಷಣ ಮೈಯ ಹೊರಗೆ ಜೋತುಬಿದ್ದಿರುವುದು ಸುಮ್ನೆ ಅಲ್ಲ. ಒಳಗಿನ ಶಾಖಕ್ಕಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ತಂಪಾಗಿದ್ದರೇ ಅದು ಸರಿಯಾಗಿ ಕೆಲಸ ಮಾಡುತ್ತದೆ. ಬೇಕರಿ ಓವನ್, ಬಜ್ಜಿ ಬಾಣಲೆ, ಆಲೆಮನೆಯ ಒಲೆ, ಫೌಂಡ್ರಿ, ವೆಲ್ಡಿಂಗ್ ಮುಂದೆ ದಿನವಿಡೀ ನಿಲ್ಲುವವರು, ಇಂಜಿನ್ ಶಾಖದ ಪಕ್ಕ ಹತ್ತು ಗಂಟೆ ಕೂರುವ ಲಾರಿ, ಬಸ್ ಡ್ರೈವರ್‌ಗಳು ಇದನ್ನು ಗಮನಿಸಬೇಕು. ಕೆಲಸ ಬಿಡಿ ಅನ್ನುವುದು ಸುಲಭ, ಆದರೆ ಅದು ಸಲಹೆ ಅಲ್ಲ. ಗಂಟೆಗೊಮ್ಮೆ ಎದ್ದು ಗಾಳಿಗೆ ಬನ್ನಿ. ಸಡಿಲ ಹತ್ತಿ ಬಟ್ಟೆ ಹಾಕಿ. ಮನೆಯಲ್ಲಿ ಪಂಚೆ ಉಟ್ಟುಕೊಳ್ಳಿ, ಅಜ್ಜಂದಿರು ಗೊತ್ತಿಲ್ಲದೆ ಮಾಡಿದ ಒಳ್ಳೆಯ ಕೆಲಸ ಅದು. ಅಮೆರಿಕದಲ್ಲಿ 656 ಗಂಡಸರನ್ನು ನೋಡಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಡಿಲ ಒಳಚಡ್ಡಿ ಹಾಕುವವರಲ್ಲಿ ವೀರ್ಯಾಣುವಿನ ಸಾಂದ್ರತೆ ಬಿಗಿ ಚಡ್ಡಿಯವರಿಗಿಂತ 25 ಶೇಕಡ ಜಾಸ್ತಿ ಇತ್ತು. ಲ್ಯಾಪ್‌ಟಾಪ್ ತೊಡೆಯಿಂದ ಟೇಬಲ್‌ಗೆ ಹೋಗಲಿ.

ಬೀಡಿ, ಸಿಗರೇಟ್, ಗುಟ್ಕಾ, ಗಾಂಜಾ, ದಿನಾ ಕುಡಿತ. ಇವುಗಳ ಬಗ್ಗೆ ನಿಮಗೆ ಗೊತ್ತೇ ಇದೆ. ಗುಟ್ಕಾ ಹೊಗೆ ಬಿಡುವುದಿಲ್ಲ, ಹಾಗಾಗಿ ಅದು ಲೆಕ್ಕಕ್ಕಿಲ್ಲ ಅಂದುಕೊಂಡವರು ಜಾಸ್ತಿ. ತಂಬಾಕು ಯಾವ ದಾರಿಯಲ್ಲಿ ಒಳಗೆ ಹೋದರೂ ತಂಬಾಕೇ.

ಹೊಟ್ಟೆ ಮಾತ್ರ ಯಾರೂ ಕಾರಣ ಅಂತ ಎಣಿಸುವುದಿಲ್ಲ. ಕೊಬ್ಬು ಸುಮ್ಮನೆ ಕೂತಿರುವ ಭಾರ ಅಲ್ಲ, ಅದು ಟೆಸ್ಟೋಸ್ಟಿರಾನನ್ನು ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್ ಆಗಿ ಬದಲಿಸುತ್ತದೆ. ಜೊತೆಗೆ ತೊಡೆಗಳ ನಡುವೆ ಬಿಸಿಯನ್ನೂ ಹಿಡಿದಿಡುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ನರಗಳಿಗೆ ಪೆಟ್ಟಾಗಿ ವೀರ್ಯ ಹಿಂದಕ್ಕೆ, ಮೂತ್ರಕೋಶಕ್ಕೆ ಹೋಗುವುದೂ ಉಂಟು.

ಇನ್ನು ರಾಸಾಯನಿಕ. 1977ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಕೀಟನಾಶಕ ಕಾರ್ಖಾನೆಯ ಕೆಲಸಗಾರರು 'ನಮ್ಮಲ್ಲಿ ಯಾರಿಗೂ ಮಕ್ಕಳೇ ಆಗುತ್ತಿಲ್ಲವಲ್ಲ' ಅಂತ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಪರೀಕ್ಷೆ ಮಾಡಿಸಿದರೆ ಹಲವರ ಕೌಂಟ್ ಸೊನ್ನೆ. ಕಾರಣ ಡಿಬಿಸಿಪಿ ಅನ್ನುವ, ಮಣ್ಣಿನ ಹುಳು ಕೊಲ್ಲುವ ಔಷಧ. ಗಮನಿಸಿ, ಮೊದಲು ಕಂಡುಹಿಡಿದದ್ದು ಡಾಕ್ಟರಲ್ಲ, ಕೆಲಸಗಾರರು. ನಮ್ಮ ಕಾಸರಗೋಡಿನ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಎಂಡೋಸಲ್ಫಾನ್ ಸುರಿದರು. ಅಲ್ಲಿನ ಹುಡುಗರಲ್ಲಿ ಪ್ರಾಯಕ್ಕೆ ಬರುವುದೇ ತಡವಾದದ್ದನ್ನು 2003ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿತು. ಸುಪ್ರೀಂ ಕೋರ್ಟ್ 2011ರಲ್ಲಿ ಅದನ್ನು ನಿಲ್ಲಿಸಿತು. ಹೊಲದಲ್ಲಿ ಔಷಧಿ ಹೊಡೆಯುವವರು, ಹಳೆ ಬ್ಯಾಟರಿ ಒಡೆಯುವವರು, ಪೇಂಟ್ ಕೆಲಸದವರು ಡಾಕ್ಟರಿಗೆ ತಮ್ಮ ಕೆಲಸ ಏನು ಅಂತ ತಪ್ಪದೆ ಹೇಳಿ. ಅವರು ಕೇಳದಿದ್ದರೂ ಹೇಳಿ. ಔಷಧಿ ಹೊಡೆದ ಬಟ್ಟೆಯಲ್ಲೇ ಊಟಕ್ಕೆ ಕೂರಬೇಡಿ, ಕೈಗವಸು ಹಾಕಿ, ಮೊದಲು ಸ್ನಾನ ಮಾಡಿ.

ಹೆಜ್ಜೆ 5: ನಿಂತುಕೊಂಡು ಮುಟ್ಟಿ ನೋಡಿ

ಬಿಸಿನೀರಿನ ಸ್ನಾನ ಆದಮೇಲೆ ಚರ್ಮ ಸಡಿಲವಾಗಿರುತ್ತದೆ. ನಿಂತುಕೊಂಡೇ ಎರಡೂ ಕಡೆ ಮೆಲ್ಲಗೆ ಮುಟ್ಟಿ ನೋಡಿ. ಎಡಗಡೆ ವೃಷಣದ ಮೇಲ್ಭಾಗದಲ್ಲಿ ಬೆಂದ ಶ್ಯಾವಿಗೆಯ ಮುದ್ದೆ ಮುಟ್ಟಿದ ಹಾಗೆ ಅನಿಸುತ್ತದಾ? ಮಲಗಿದರೆ ಮಾಯವಾಗುತ್ತದಾ? ಅದು ವೇರಿಕೋಸೀಲ್ ಇರಬಹುದು. ಕಾಲಿನಲ್ಲಿ ನರ ಉಬ್ಬುವ ಹಾಗೆ ಇಲ್ಲಿ ರಕ್ತನಾಳ ಉಬ್ಬಿರುತ್ತದೆ. ಎಡಗಡೆಯೇ ಯಾಕೆ ಜಾಸ್ತಿ ಅಂದರೆ, ಆ ಕಡೆಯ ರಕ್ತನಾಳ ಮೇಲೆ ಹೋಗಿ ಮೂತ್ರಪಿಂಡದ ನಾಳಕ್ಕೆ ನೇರ ಕೋನದಲ್ಲಿ ಸೇರುತ್ತದೆ. ರಕ್ತ ವಾಪಸ್ ಹೋಗುವುದಕ್ಕೆ ಕಷ್ಟ. ಕೆಳಗೆ ನಿಂತ ರಕ್ತ ಬಿಸಿ ಏರಿಸುತ್ತದೆ.

ಒಟ್ಟು ಗಂಡಸರಲ್ಲಿ 100ಕ್ಕೆ ಸುಮಾರು 15 ಜನರಿಗೆ ಇದು ಇರುತ್ತದೆ. ಮಕ್ಕಳಾಗಿಲ್ಲ ಅಂತ ಬರುವ ಗಂಡಸರಲ್ಲಿ 100ಕ್ಕೆ ಹತ್ತಿರಹತ್ತಿರ 40. ಅಂದರೆ ಇದ್ದವರಿಗೆಲ್ಲ ತೊಂದರೆ ಅಂತಲ್ಲ, ಆದರೆ ಸರಿಪಡಿಸಬಹುದಾದ ಕಾರಣಗಳಲ್ಲಿ ಇದೇ ಮೊದಲನೆಯದು. ಕೈಗೆ ಸಿಗುವಷ್ಟು ದೊಡ್ಡದಿದ್ದು, ಕೌಂಟೂ ಕಡಿಮೆ ಇದ್ದರೆ ಆಪರೇಶನ್ ಬಗ್ಗೆ ಮಾತಾಡಬಹುದು. ಸ್ಕ್ಯಾನ್‌ನಲ್ಲಿ ಮಾತ್ರ ಕಾಣುವ ಸಣ್ಣ ಉಬ್ಬಿಗೆ ಕತ್ತರಿ ಹಾಕಿಸಿಕೊಳ್ಳುವ ಆತುರ ಬೇಡ. ಬಲಗಡೆ ಮಾತ್ರ ಇದ್ದರೆ ಅಥವಾ ಮಲಗಿದರೂ ಇಳಿಯದಿದ್ದರೆ ಹೊಟ್ಟೆಯ ಸ್ಕ್ಯಾನ್ ಬೇಕಾಗಬಹುದು.

ನೋವಿಲ್ಲದ ಗಟ್ಟಿ ಗಂಟು ಕೈಗೆ ಸಿಕ್ಕರೆ ತಡ ಮಾಡದೆ ತೋರಿಸಿ. ಹಠಾತ್ತಾಗಿ ತಡೆಯಲಾರದ ನೋವು, ಊತ ಬಂದರೆ ಅದು ವೃಷಣ ತಿರುಚಿಕೊಂಡಿರುವುದು ಇರಬಹುದು. ಉಳಿಸಿಕೊಳ್ಳಲು ಆರೇ ಗಂಟೆ. ಬೆಳಗಾಗಲಿ ಅಂತ ಕಾಯಬೇಡಿ. ಎರಡೂ ವೃಷಣ ಗೋಲಿಯಷ್ಟು ಚಿಕ್ಕದಾಗಿ, ಗಟ್ಟಿಯಾಗಿ ಇದ್ದರೆ ಹುಟ್ಟಿನಿಂದ ಬಂದ ಕಾರಣ ಇರಬಹುದು, ಉದಾಹರಣೆಗೆ ಒಂದು ಎಕ್ಸ್ ವರ್ಣತಂತು ಜಾಸ್ತಿ ಇರುವ ಕ್ಲೈನ್‌ಫೆಲ್ಟರ್. ಅದು ಯಾರ ತಪ್ಪೂ ಅಲ್ಲ.

ಹೆಜ್ಜೆ 6: ಅಮ್ಮನನ್ನು ಕೇಳಿ

ಇದು ಸ್ವಲ್ಪ ಮುಜುಗರದ ಕೆಲಸ. ಆದರೆ ನಿಮ್ಮ ಒಂದು ವರ್ಷದ ವಯಸ್ಸಿನ ಆಪರೇಶನ್ ನಿಮಗೆ ನೆನಪಿರುವುದಿಲ್ಲ, ಅಮ್ಮನಿಗಿರುತ್ತದೆ. 'ಬೀಜ ಕೆಳಗೆ ಇಳಿದಿರಲಿಲ್ಲ ಅಂತ ಡಾಕ್ಟರ್ ಹೇಳಿದ್ರಾ ಅಮ್ಮ? ಹರ್ನಿಯಾ ಆಪರೇಶನ್ ಆಗಿತ್ತಾ?' ಅಂತ ಕೇಳಿ. ವೃಷಣ ಹೊಟ್ಟೆಯೊಳಗೇ ಉಳಿದರೆ ಶಾಖಕ್ಕೆ ಹಾಳಾಗುತ್ತದೆ. ಅದಕ್ಕೇ ಈಗ ಮಗುವಿಗೆ ಒಂದೂವರೆ ವರ್ಷ ತುಂಬುವುದರೊಳಗೆ ಆಪರೇಶನ್ ಮುಗಿಸುತ್ತಾರೆ. ಹರ್ನಿಯಾ ಆಪರೇಶನ್‌ನಲ್ಲಿ ವೀರ್ಯನಾಳಕ್ಕೆ ಪೆಟ್ಟಾಗುವುದು ಅಪರೂಪ, ಆದರೆ ಉಂಟು.

ಮಂಗನಬಾವು ಬಂದಿತ್ತಾ, ಯಾವ ವಯಸ್ಸಿನಲ್ಲಿ? ಚಿಕ್ಕ ಹುಡುಗನಾಗಿದ್ದಾಗ ಬಂದು ಹೋಗಿದ್ದರೆ ಚಿಂತೆ ಇಲ್ಲ. ಮೀಸೆ ಬಂದಮೇಲೆ ಬಂದು, ಕೆನ್ನೆಯ ಜೊತೆ ಕೆಳಗೂ ಊದಿಕೊಂಡಿದ್ದರೆ ವೃಷಣಕ್ಕೆ ಪೆಟ್ಟು ಬಿದ್ದಿರಬಹುದು. ಟಿಬಿ ಆಗಿತ್ತಾ? ಟಿಬಿ ಶ್ವಾಸಕೋಶಕ್ಕೆ ಮಾತ್ರ ಅಲ್ಲ, ವೀರ್ಯಾಣು ಬಲಿಯುವ ಕೊಳವೆಗೂ ಬಂದು ದಾರಿ ಮುಚ್ಚುತ್ತದೆ. ಚಿಕಿತ್ಸೆ ಇಲ್ಲದೆ ಬಿಟ್ಟ ಲೈಂಗಿಕ ಸೋಂಕುಗಳೂ ಹೀಗೇ ಮಾಡುತ್ತವೆ.

ಹೆಜ್ಜೆ 7: ಡಾಕ್ಟರ ಹತ್ತಿರ

ಮೂತ್ರರೋಗ ತಜ್ಞರು, ಅಂದರೆ ಯೂರಾಲಜಿಸ್ಟ್, ಅಥವಾ ಗಂಡಸರ ಸಂತಾನ ಸಮಸ್ಯೆ ನೋಡುವ ಆಂಡ್ರಾಲಜಿಸ್ಟ್ ಹತ್ತಿರ ಹೋಗಿ. ಬಸ್ ಸ್ಟ್ಯಾಂಡ್ ಗೋಡೆಯ ಮೇಲೆ 'ಪ್ರತಿ ತಿಂಗಳು ಲಾಡ್ಜ್‌ನಲ್ಲಿ ಸಿಗುತ್ತಾರೆ' ಅಂತ ಬರೆಸಿಕೊಂಡ ಗುಪ್ತರೋಗ ತಜ್ಞರ ಹತ್ತಿರ ಬೇಡ. ಅವರ ವ್ಯಾಪಾರ ನಿಂತಿರುವುದೇ 'ಧಾತು ನಷ್ಟ'ದ ಹೆದರಿಕೆಯ ಮೇಲೆ. ಹರೆಯದಲ್ಲಿ ಹಸ್ತಮೈಥುನ ಮಾಡಿಕೊಂಡದ್ದರಿಂದಲೋ, ಸ್ವಪ್ನಸ್ಖಲನದಿಂದಲೋ ಕೌಂಟ್ ಖಾಲಿ ಆಗುವುದಿಲ್ಲ. ಅದು ಡ್ರಮ್ಮಿನಲ್ಲಿ ತುಂಬಿಟ್ಟ ನೀರಲ್ಲ, ದಿನಾ ಒಸರುವ ಬುಗ್ಗೆ.

ಡಾಕ್ಟರು ಕೈಯಿಂದ ಮುಟ್ಟಿ ಪರೀಕ್ಷೆ ಮಾಡಬೇಕು. ಮುಟ್ಟದೆ, ಕೇಳದೆ ಚೀಟಿ ಬರೆದರೆ ಬೇರೆಯವರ ಹತ್ತಿರ ಹೋಗಿ. ಆಮೇಲೆ ರಕ್ತದಲ್ಲಿ ಎಫ್‌ಎಸ್‌ಎಚ್, ಟೆಸ್ಟೋಸ್ಟಿರಾನ್, ಬೇಕಾದರೆ ಎಲ್‌ಎಚ್, ಪ್ರೊಲ್ಯಾಕ್ಟಿನ್, ಥೈರಾಯ್ಡ್ ನೋಡುತ್ತಾರೆ. ಟೆಸ್ಟೋಸ್ಟಿರಾನ್‌ಗೆ ಬೆಳಿಗ್ಗೆಯೇ ರಕ್ತ ಕೊಡಬೇಕು.

ಎಫ್‌ಎಸ್‌ಎಚ್ ಓದುವುದು ಹೀಗೆ. ಅದು ಜಾಸ್ತಿ ಇದ್ದರೆ ಮೇಲಿನಿಂದ ಪಿಟ್ಯುಟರಿ ಕೂಗುತ್ತಿದೆ, ಕೆಳಗೆ ವೃಷಣಕ್ಕೆ ಶಕ್ತಿ ಸಾಲುತ್ತಿಲ್ಲ ಅಂತ. ತೀರಾ ಕಡಿಮೆ ಇದ್ದರೆ ಕೂಗುವವರೇ ಇಲ್ಲ. ಇಂಥವರಲ್ಲಿ ಕೆಲವರಿಗೆ ಹುಟ್ಟಿನಿಂದ ವಾಸನೆಯೂ ಗೊತ್ತಾಗುವುದಿಲ್ಲ, ಗಡ್ಡ-ಮೀಸೆಯೂ ವಿರಳ. ಇದಕ್ಕೆ ಹಾರ್ಮೋನ್ ಇಂಜೆಕ್ಷನ್ ಕೆಲಸ ಮಾಡುತ್ತದೆ, ತಿಂಗಳುಗಟ್ಟಲೆ ತಾಳ್ಮೆ ಬೇಕು ಅಷ್ಟೆ. ಎಫ್‌ಎಸ್‌ಎಚ್, ವೃಷಣದ ಸೈಜು ಎರಡೂ ಸರಿಯಿದ್ದು ಕೌಂಟ್ ಸೊನ್ನೆ ಬಂದರೆ ಎಲ್ಲೋ ದಾರಿ ಮುಚ್ಚಿದೆಯಾ ಅಂತ ಹುಡುಕುತ್ತಾರೆ. ವೀರ್ಯದ ಪ್ರಮಾಣವೇ ಬಹಳ ಕಡಿಮೆ ಇದ್ದರೆ ಸ್ಖಲನದ ನಂತರದ ಮೂತ್ರ ಪರೀಕ್ಷಿಸುತ್ತಾರೆ. ಎಂಎಲ್‌ಗೆ 5 ಮಿಲಿಯನ್‌ಗಿಂತ ಕಡಿಮೆ ಇದ್ದರೆ ವರ್ಣತಂತು ಪರೀಕ್ಷೆ, ವೈ ಮೈಕ್ರೋಡಿಲೀಶನ್ ಟೆಸ್ಟ್ ಹೇಳಬಹುದು. ವೈ ವರ್ಣತಂತುವಿನ ಒಂದು ಚೂರು ಇಲ್ಲದಿರುವುದು ಅಪ್ಪನಿಂದ ಗಂಡುಮಗುವಿಗೂ ಹೋಗುತ್ತದೆ, ಹಾಗಾಗಿ ಐವಿಎಫ್‌ಗೆ ಮೊದಲೇ ಇದು ಗೊತ್ತಿರಬೇಕು.

ಇಷ್ಟೆಲ್ಲ ನೋಡಿದ ಮೇಲೂ ಗಣನೀಯ ಭಾಗದ ಜನರಲ್ಲಿ ಕಾರಣ ಸಿಗುವುದಿಲ್ಲ. ಅವರಿಗೂ ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವ ಐಯುಐ, ಲ್ಯಾಬಿನಲ್ಲಿ ಅಂಡಾಣು-ವೀರ್ಯಾಣು ಸೇರಿಸುವ ಐವಿಎಫ್, ಒಂದೇ ವೀರ್ಯಾಣುವನ್ನು ಅಂಡಾಣುವಿಗೆ ಚುಚ್ಚುವ ಇಕ್ಸಿ ಅನ್ನುವ ದಾರಿಗಳಿವೆ. ಕ್ಲಿನಿಕ್ 2021ರ ಎಆರ್‌ಟಿ ಕಾಯ್ದೆಯಡಿ ನೋಂದಣಿ ಆಗಿದೆಯಾ ಅಂತ ಕೇಳುವುದು ನಿಮ್ಮ ಹಕ್ಕು.

ಪೌಡರ್ ಡಬ್ಬದ ಕಥೆ ಬಾಕಿ ಇದೆ. ಅಮೆರಿಕದಲ್ಲಿ 2,370 ಗಂಡಸರಲ್ಲಿ ಕೆಲವರಿಗೆ ಜಿಂಕ್ ಮತ್ತು ಫೋಲಿಕ್ ಆಸಿಡ್, ಉಳಿದವರಿಗೆ ಖಾಲಿ ಮಾತ್ರೆ ಆರು ತಿಂಗಳು ಕೊಟ್ಟು ನೋಡಿದರು. 2020ರಲ್ಲಿ ಫಲಿತಾಂಶ ಬಂತು. ಕೌಂಟ್ ಏರಲಿಲ್ಲ, ಹುಟ್ಟಿದ ಮಕ್ಕಳ ಸಂಖ್ಯೆಯಲ್ಲೂ ವ್ಯತ್ಯಾಸ ಆಗಲಿಲ್ಲ. ಜಿಂಕ್ ತಿಂದವರಿಗೆ ಹೊಟ್ಟೆ ತೊಳಸುವುದು, ಭೇದಿ ಸ್ವಲ್ಪ ಜಾಸ್ತಿ ಆಯಿತು. ಡಾಕ್ಟರು ಬರೆದುಕೊಟ್ಟರೆ ತಿನ್ನಿ. ಆದರೆ ಯಾವ ಕಾರಣಕ್ಕೆ, ಎಷ್ಟು ದಿನಕ್ಕೆ ಅಂತ ಕೇಳಿ ತಿನ್ನಿ.

ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಕಳೆದ ಆರು ತಿಂಗಳ ಜ್ವರ, ಆಪರೇಶನ್‌ಗಳು, ಎಲ್ಲ ಮಾತ್ರೆ-ಇಂಜೆಕ್ಷನ್-ಪೌಡರ್, ಕೆಲಸ ಏನು, ಚಟಗಳೇನು, ಎಷ್ಟು ದಿನದಿಂದ ಪ್ರಯತ್ನ. ಒಂದು ವರ್ಷ ಆಗಿದ್ದರೆ ತೋರಿಸುವ ಹೊತ್ತಾಯಿತು. ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳು ಸಾಕು. ಅವರನ್ನೂ ಕರೆದುಕೊಂಡು ಹೋಗಿ, ಹಳೆ ರಿಪೋರ್ಟ್ ಬಿಸಾಡದೆ ತೆಗೆದುಕೊಂಡು ಹೋಗಿ. ನನ್ನ ಎರಡನೇ ಡಾಕ್ಟರು ಹಾಳೆಯ ಮೊದಲ ಸಾಲಿನಲ್ಲಿ 'ಡೆಂಗಿ' ಅಂತ ಓದಿ ತಲೆ ಎತ್ತಿದರು. 'ಇದನ್ನ ಮೊದಲು ಯಾರಿಗಾದ್ರೂ ಹೇಳಿದ್ರಾ?' ಅಂದರು. ಯಾರೂ ಕೇಳಲಿಲ್ಲ ಸರ್, ಅಂದೆ.